‘ಬರ್ತೀನಿ ಸಾರ್’ ಅಂದದ್ದನ್ನು ನಂಬಿ ಡ್ಯೂಟಿ ಹಾಕಬೇಡಿ

ಭಾನುವಾರ ನಮ್ಮ ಮೆಟ್ರೊ ಹೊರಡುವುದು ಬೆಳಿಗ್ಗೆ 7ಕ್ಕೆ. ಬನಶಂಕರಿ ಎರಡನೇ ಹಂತದ ದರ್ಶಿನಿಗಳಲ್ಲಿ ಮೊದಲ ಇಡ್ಲಿ ಇಳಿಯುವುದು 6ಕ್ಕೆ. ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದಿಂದ ಬರುವ ಹುಡುಗನಿಗೆ ಭಾನುವಾರ ಫಸ್ಟ್ ಶಿಫ್ಟ್ ಹಾಕಿದ ಮ್ಯಾನೇಜರು ಈ ಎರಡು ಗಡಿಯಾರಗಳನ್ನು ಒಟ್ಟಿಗೆ ನೋಡಿರುವುದಿಲ್ಲ. ಹುಡುಗನೂ ಹೇಳಿರುವುದಿಲ್ಲ. ‘ಭಾನುವಾರ ಬೆಳಿಗ್ಗೆ ಬರ್ತೀಯಲ್ಲಪ್ಪ?’ ಅಂದಾಗ ‘ಬರ್ತೀನಿ ಸಾರ್’ ಅಂದಿರುತ್ತಾನೆ. ಬಂದಾಗ ಏಳೂವರೆ ದಾಟಿರುತ್ತದೆ. ಬೈಗುಳ ತಿನ್ನುತ್ತಾನೆ, ಅರ್ಧ ದಿನದ ಸಂಬಳ ಹೋಗುತ್ತದೆ, ಮುಂದಿನ ತಿಂಗಳು ಪಕ್ಕದ ಬೀದಿಯ ಹೋಟೆಲಿಗೆ ಸೇರಿರುತ್ತಾನೆ. ‘ಈಗಿನ ಹುಡುಗರು ನಿಲ್ಲೋದೇ ಇಲ್ಲ ಸ್ವಾಮಿ’ ಅಂತ ಮಾಲೀಕರು ಗಲ್ಲಾ ಮೇಲೆ ಕೂತು ಹೇಳುತ್ತಿರುತ್ತಾರೆ.

ಜಯನಗರ, ಜೆ.ಪಿ. ನಗರ, ಬಿಟಿಎಂ, ಬನಶಂಕರಿಯ ಉದ್ದಗಲಕ್ಕೂ ಎಂಟು ಹತ್ತು ಜನರಿಂದ ನಡೆಯುವ ಸಾವಿರ ಜಾಗಗಳಿವೆ: ದರ್ಶಿನಿ, ಔಷಧಿ ಅಂಗಡಿ, ಡಯಾಗ್ನೋಸ್ಟಿಕ್ ಲ್ಯಾಬ್, ಸೀರೆ ಅಂಗಡಿ, ಬ್ಯೂಟಿ ಪಾರ್ಲರ್, ಹಲ್ಲಿನ ಕ್ಲಿನಿಕ್. ಎಲ್ಲ ಕಡೆಯೂ ವಾರಕ್ಕೊಮ್ಮೆ ಯಾರೋ ಒಬ್ಬರು ಡ್ಯೂಟಿ ಪಟ್ಟಿ ಬರೆಯುತ್ತಾರೆ. ಎಲ್ಲರ ಸಿಟ್ಟು ಆ ಪಟ್ಟಿಯ ಮೇಲೆ. ನನ್ನ ಅನುಭವದಲ್ಲಿ ತಪ್ಪಾಗುವುದು ಪಟ್ಟಿ ಬರೆಯುವಾಗ ಅಲ್ಲ, ಅದಕ್ಕೂ ಮೊದಲು ‘ಯಾವಾಗ ಬರೋಕಾಗುತ್ತೆ’ ಅಂತ ಕೇಳುವಾಗ. ಇಲ್ಲ ಅನ್ನಲು ಹೆದರುವವರು ‘ಹೂಂ’ ಅನ್ನುವುದು ಮಾಹಿತಿಯೇ ಅಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ಕಾಲದಲ್ಲಿ ಜಯನಗರದ ಅಂಗಡಿಯೊಂದರಲ್ಲಿ ಹನ್ನೊಂದು ಜನರ ಡ್ಯೂಟಿ ಬರೆಯುವ ಕೆಲಸ ನನ್ನದಾಗಿತ್ತು. ಒಬ್ಬ ಅಕ್ಕ ಯಾವತ್ತೂ ಇಲ್ಲ ಅಂದವರಲ್ಲ. ನನಗೆ ಅವರ ಮೇಲೆ ಬಹಳ ಗೌರವ. ಒಂದು ದಿನ ಯಾವ ದೂರೂ ಇಲ್ಲದೆ ಕೆಲಸ ಬಿಟ್ಟರು. ಹಳೆಯ ಪುಸ್ತಕ ತಿರುವಿ ನೋಡಿದರೆ ಹದಿಮೂರು ಭಾನುವಾರಗಳಲ್ಲಿ ಒಂಬತ್ತು ಸಂಜೆ ಅವರದೇ. ನಾನು ಬೇಕಂತ ಹಾಕಿದ್ದಲ್ಲ. ಪ್ರತಿ ವಾರ ಗೊಣಗುವವರನ್ನು ಬಿಟ್ಟು, ಗೊಣಗದವರ ಹೆಸರು ಬರೆದಿದ್ದೆ, ಅಷ್ಟೆ. ಗೌರವ ಇಟ್ಟುಕೊಂಡೇ ಒಬ್ಬರ ಭಾನುವಾರಗಳನ್ನೆಲ್ಲ ತಿಂದುಹಾಕಿದ್ದೆ.

ಕೇಳುವ ಮೊದಲು ಲೆಕ್ಕ

ಯಾರನ್ನೂ ಏನನ್ನೂ ಕೇಳುವ ಮೊದಲು ಒಂದು ಗುಣಾಕಾರ ಮಾಡಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ತೆರೆದಿರುವ ಒಂದು ಹೋಟೆಲು ಅಂತಿಟ್ಟುಕೊಳ್ಳಿ. ದಿನಕ್ಕೆ 16 ಗಂಟೆ, ವಾರಕ್ಕೆ 112. ಅಡುಗೆಮನೆ, ಕೌಂಟರ್, ಕ್ಲೀನಿಂಗ್ ಎಲ್ಲ ಸೇರಿ ಸರಾಸರಿ ಐದು ಜನ ನಿಂತಿರಬೇಕು ಅಂದರೆ 560 ಗಂಟೆಗಳ ಕೆಲಸ. ಕಾನೂನಿನ ಪ್ರಕಾರ ಒಬ್ಬರು ವಾರಕ್ಕೆ ಮಾಡಬಹುದಾದದ್ದು 48 ಗಂಟೆ. ಭಾಗಿಸಿದರೆ ಹನ್ನೆರಡು ಜನ ಬೇಕು. ನಿಮ್ಮಲ್ಲಿ ಒಂಬತ್ತು ಜನರಿದ್ದರೆ 128 ಗಂಟೆ ಕೊರತೆ. ತಲೆಗೆ ಹದಿನಾಲ್ಕು ಗಂಟೆ ಹೆಚ್ಚು. ಓವರ್‌ಟೈಮಿಗೆ ಕಾನೂನು ಬಿಟ್ಟಿರುವುದು ಮೂರು ತಿಂಗಳಿಗೆ 50 ಗಂಟೆ, ಅಂದರೆ ವಾರಕ್ಕೆ ನಾಲ್ಕೂ ಇಲ್ಲ.

ಒಂಬತ್ತು ಜನರಿಟ್ಟುಕೊಂಡು ‘ನಮ್ಮವರು ಅಡ್ಜಸ್ಟ್ ಮಾಡ್ಕೊಳ್ಳಲ್ಲ’ ಅನ್ನುವ ಮಾಲೀಕರ ಸಮಸ್ಯೆ ಹುಡುಗರ ಸ್ವಭಾವದ್ದಲ್ಲ, ಮಗ್ಗಿಯದು. ಅಲ್ಲಿ ಯಾವ ಫಾರ್ಮ್ ಹಂಚಿದರೂ, ಯಾವ ಆ್ಯಪ್ ಹಾಕಿದರೂ ನ್ಯಾಯವಾದ ಪಟ್ಟಿ ಬರುವುದಿಲ್ಲ. ಅಂಥವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಒಂದಿಬ್ಬರನ್ನು ಸೇರಿಸಿಕೊಳ್ಳುವುದೋ, ಮಧ್ಯಾಹ್ನ ಮೂರು ಗಂಟೆ ಬಾಗಿಲು ಹಾಕುವುದೋ ಒಳ್ಳೆಯದು. ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವ ಹಳೆಯ ಹೋಟೆಲಿನವರು ದಡ್ಡರಾಗಿರಲಿಲ್ಲ.

ಹನ್ನೆರಡೂ ಸಾಲುವುದಿಲ್ಲ ಅನ್ನುವುದು ಇನ್ನೊಂದು ಮಾತು. ವಾರದ ರಜೆ 52 ದಿನ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಜೊತೆಗೆ ಐದು ಹಬ್ಬ. ಇಪ್ಪತ್ತು ದಿನ ದುಡಿದರೆ ಒಂದು ದಿನದಂತೆ ಗಳಿಕೆ ರಜೆ. ಇವು ಮುಗಿದ ಮೇಲೆ ಕಾಯಿಲೆ ರಜೆ ವರ್ಷಕ್ಕೆ 12. ಎಲ್ಲ ಕಳೆದರೆ ಒಬ್ಬ ಮನುಷ್ಯ ವರ್ಷದಲ್ಲಿ ನಿಮಗೆ ಸಿಗುವುದು 280 ದಿನದ ಆಚೀಚೆ. ಹದಿಮೂರನೆಯವರು ಐಷಾರಾಮವಲ್ಲ.

ಗಂಟೆಗಳ ಈ ಲೆಕ್ಕವೆಲ್ಲ ಇರುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಅಧಿನಿಯಮದಲ್ಲಿ. ದಿನಕ್ಕೆ 9 ಗಂಟೆ, ಓಟಿ ಸೇರಿ 10. ಐದು ಗಂಟೆ ದುಡಿಸಿದ ಮೇಲೆ ಒಂದು ಗಂಟೆ ಬಿಡುವು. ಓಟಿಗೆ ಎರಡರಷ್ಟು ಕೂಲಿ. ಸಂಬಳ ಹಿಡಿಯದೆ ವಾರಕ್ಕೊಂದು ಪೂರ್ತಿ ರಜೆ. ಹೋಟೆಲಿನವರು ಮರೆಯುವ ಒಂದು ನಿಯಮವೂ ಅದರಲ್ಲಿದೆ: ಬ್ರೇಕ್ ಶಿಫ್ಟ್ ಹಾಕಿದರೂ ಮೊದಲ ಗಂಟೆಯಿಂದ ಕೊನೆಯ ಗಂಟೆಗೆ 12 ಗಂಟೆ ಮೀರಬಾರದು. ಬೆಳಿಗ್ಗೆ 6ಕ್ಕೆ ಬಂದವರು ನಡುವೆ ನಾಲ್ಕು ತಾಸು ರೂಮಿನಲ್ಲಿ ಮಲಗಿ ಎದ್ದು ಬಂದರೂ ಸಂಜೆ 6ಕ್ಕೆ ಏಪ್ರನ್ ಬಿಚ್ಚಬೇಕು. ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಜನ ಇರುವ ಕಡೆ ದಿನದ 24 ಗಂಟೆ ತೆರೆಯಬಹುದು ಅಂತ 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದ ಷರತ್ತುಗಳನ್ನು ಓದಿ ನೋಡಿ: ಸರದಿಯ ಮೇಲೆ ಎಲ್ಲರಿಗೂ ವಾರದ ರಜೆ ಸಿಗುವಷ್ಟು ಹೆಚ್ಚುವರಿ ಸಿಬ್ಬಂದಿ ಇಡಬೇಕು, ಇವತ್ತು ಯಾರು ರಜೆ ಅನ್ನುವುದನ್ನು ಕಾಣುವ ಜಾಗದಲ್ಲಿ ಹಾಕಬೇಕು, ಹೆಣ್ಣುಮಕ್ಕಳನ್ನು ರಾತ್ರಿ 8ರ ಮೇಲೆ ದುಡಿಸಬೇಕಾದರೆ ಲಿಖಿತ ಒಪ್ಪಿಗೆ, ರಕ್ಷಣೆ ಬೇಕು. ‘ಲಿಖಿತ’ ಅಂದದ್ದು ಸುಮ್ಮನಲ್ಲ. ಬಾಯಿಮಾತಿನ ಹೂಂಗುಟ್ಟುವಿಕೆ ಎಷ್ಟು ತೆಳು ಅನ್ನುವುದು ಸರ್ಕಾರಕ್ಕೂ ಗೊತ್ತಿದೆ.

ಹೇಗೆ ಕೇಳಬೇಕು

ಸಾಮಾನ್ಯವಾಗಿ ನಡೆಯುವುದು ಇದು: ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಮುಂದಿನ ವಾರ ಯಾರಿಗೆ ಏನಾದರೂ ತೊಂದರೆ ಇದೆಯಾ?’ ಅಂತ ಒಂದು ಮೆಸೇಜು. ಧೈರ್ಯವಂತರು ಮೊದಲು ಬರೆಯುತ್ತಾರೆ. ಹೊಸಬರು, ಸಾಲ ತೆಗೆದುಕೊಂಡವರು, ಕನ್ನಡ ಓದಲು ಬಾರದವರು ಒಂದು ಥಂಬ್ಸ್‌ಅಪ್ ಒತ್ತಿ ಸುಮ್ಮನಾಗುತ್ತಾರೆ. ಮಾಲೀಕರು ಅದೇ ಗ್ರೂಪಿನಲ್ಲಿ ಇದ್ದಾರೆ ಅಂದ ಮೇಲೆ ಯಾರು ತಾನೇ ‘ತೊಂದರೆ’ ಅನ್ನುತ್ತಾರೆ? ಆ ಪದವೇ ಸರಿಯಿಲ್ಲ. ಮಗುವಿನ ಶಾಲೆ 8.30ಕ್ಕೆ ಅನ್ನುವುದು ತೊಂದರೆಯಲ್ಲ, ಶಾಲೆ.

ಗ್ರೂಪು ಬಿಡಿ, ಒಬ್ಬೊಬ್ಬರನ್ನೇ ಕೇಳಿ. ಕೇಳುವವರು ಮಾಲೀಕರಲ್ಲದಿದ್ದರೆ ಇನ್ನೂ ಒಳ್ಳೆಯದು. ಸಾಹುಕಾರರಿಗೆ ಸಿಗುವ ಉತ್ತರವೇ ಬೇರೆ, ಅಡುಗೆ ಭಟ್ಟರಿಗೆ ಸಿಗುವ ಉತ್ತರವೇ ಬೇರೆ. ಭಟ್ಟರಿಗೆ ಸಿಕ್ಕಿದ್ದೇ ನಿಜಕ್ಕೆ ಹತ್ತಿರ. ಕುಂದಾಪುರ, ಹಾಸನದ ಹುಡುಗರ ಜೊತೆ ಈಗ ಒಡಿಶಾದವರು, ನೇಪಾಳದವರು, ಅಸ್ಸಾಮಿನವರು ಇರುತ್ತಾರೆ. ಅವರಿಗೆ ಬರೆಯುವ ಫಾರ್ಮಿಗಿಂತ ಅವರ ಭಾಷೆ ಬಲ್ಲ ಒಬ್ಬ ಸಹೋದ್ಯೋಗಿ ಕಳಿಸುವ ವಾಯ್ಸ್ ಮೆಸೇಜು ಮೇಲು.

ಕೇಳುವುದನ್ನು ಎರಡಾಗಿ ಒಡೆಯಿರಿ. ಮೊದಲನೆಯದು ಬದಲಾಗದ ಸಂಗತಿ. ಇದನ್ನು ಮೂರು ತಿಂಗಳಿಗೊಮ್ಮೆ ಕೂರಿಸಿಕೊಂಡು ಕೇಳಿದರೆ ಸಾಕು. ‘ಯಾವಾಗ ಬರ್ತೀಯ’ ಅನ್ನಬೇಡಿ. ‘ಮನೆ ಎಲ್ಲಿ, ಯಾವುದರಲ್ಲಿ ಬರ್ತೀರಿ, ಫಸ್ಟ್ ಶಿಫ್ಟಿಗೆ ಎಷ್ಟೊತ್ತಿಗೆ ಏಳಬೇಕು, ರಾತ್ರಿ ಕೊನೆಯ ಬಸ್ ಎಷ್ಟಕ್ಕೆ, ಪಿಜಿ ಗೇಟು ಎಷ್ಟಕ್ಕೆ ಹಾಕ್ತಾರೆ’ ಅಂತ ಕೇಳಿ. ಇವು ಸ್ವಭಾವದ ಪ್ರಶ್ನೆಗಳಲ್ಲ, ಗಡಿಯಾರದ ಪ್ರಶ್ನೆಗಳು. ಸುಳ್ಳು ಹೇಳುವ ಒತ್ತಡ ಇರುವುದಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಹೊಂಗಸಂದ್ರ, ಕೂಡ್ಲು ಗೇಟಿನವರ ಉತ್ತರಗಳು ಬದಲಾಗಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಹೆಣ್ಣುಮಕ್ಕಳು ದೂರದಿಂದ ಬಸ್ಸಿನಲ್ಲಿ ಬರತೊಡಗಿದರು. ಟಿಕೆಟ್ ಉಚಿತ, ಆದರೆ ಬಸ್ಸಿನ ಹೊತ್ತಿಗೇ ಅವರೂ ಕಟ್ಟುಬೀಳಬೇಕು. ಹಳೆಯ ಉತ್ತರಗಳನ್ನೇ ಇಟ್ಟುಕೊಂಡವರ ಪಟ್ಟಿ ಹಳೆಯ ಊರಿನ ಪಟ್ಟಿ.

ಎರಡನೆಯದು ವಾರವಾರದ ಬದಲಾವಣೆ. ಏಳು ದಿನ, ದಿನಕ್ಕೆ ಎರಡು ಶಿಫ್ಟ್, ಒಟ್ಟು ಹದಿನಾಲ್ಕು ಮನೆಗಳ ಒಂದು ಚೀಟಿ ಕೊಡಿ. ಪ್ರತಿ ಮನೆಗೂ ಮೂರರಲ್ಲಿ ಒಂದು ಗುರುತು: ಟಿಕ್ ಅಂದರೆ ಆರಾಮಾಗಿ ಬರ್ತೀನಿ, ಚುಕ್ಕೆ ಅಂದರೆ ಕಷ್ಟ ಆದರೂ ಬರ್ತೀನಿ, ಅಡ್ಡಗೆರೆ ಅಂದರೆ ಆಗಲ್ಲ. ಈ ಚುಕ್ಕೆಯೇ ಇಡೀ ವ್ಯವಸ್ಥೆಯ ಜೀವ. ಬರೀ ಹೌದು–ಇಲ್ಲ ಕೇಳಿದರೆ ಸಂಕೋಚದವರು ಎಲ್ಲಕ್ಕೂ ಹೌದು ಅನ್ನುತ್ತಾರೆ, ಚಾಲಾಕಿಗಳು ಅರ್ಧಕ್ಕೆ ಇಲ್ಲ ಅನ್ನುತ್ತಾರೆ. ಚುಕ್ಕೆ ಇದ್ದರೆ ಸಂಕೋಚದವರಿಗೂ ಬಾಯಿ ಬರುತ್ತದೆ. ಖಾಲಿ ಬಿಟ್ಟ ಮನೆಯನ್ನು ‘ಬರ್ತಾನೆ’ ಅಂತ ಓದಿಕೊಳ್ಳಬೇಡಿ, ಹೋಗಿ ಕೇಳಿ.

ಅಡ್ಡಗೆರೆಗೆ ಒಂದು ಮಿತಿ ಇರಲಿ, ಆದರೆ ಆ ಮಿತಿಯೊಳಗೆ ಕಾರಣ ಕೇಳಬೇಡಿ. ಖಾಯಂ ಕೆಲಸದವರು ವಾರಕ್ಕೆ ಆರು ಶಿಫ್ಟ್ ಮಾಡುತ್ತಾರೆ. ಹದಿನಾಲ್ಕರಲ್ಲಿ ಐದಕ್ಕೆ ಅಡ್ಡ ಎಳೆದರೂ ಒಂಬತ್ತು ಉಳಿಯಿತಲ್ಲ, ಪಟ್ಟಿ ಹೊಸೆಯಲು ಅಷ್ಟು ಸಾಕು. ಆಸ್ಪತ್ರೆಯೋ, ಕೋರ್ಟಿನ ವಾಯಿದೆಯೋ, ಹೆಣ್ಣು ನೋಡಲು ಹೋಗುವುದೋ, ಸುಮ್ಮನೆ ನಿದ್ದೆಯೋ, ನಿಮಗೇಕೆ? ಕಾರಣ ಕೇಳಲು ಶುರುಮಾಡಿದ ಮೂರನೇ ವಾರಕ್ಕೆ ಊರಿನ ಅಜ್ಜಿಯರೆಲ್ಲ ಸಾಯತೊಡಗುತ್ತಾರೆ.

ಕಾಲೇಜು ಹುಡುಗರು ಪಾರ್ಟ್‌ಟೈಮ್ ಬರುವ ಬಿಟಿಎಂ, ಜಯನಗರದ ಅಂಗಡಿಗಳಲ್ಲಿ ನಿಯಮ ತಿರುಗಾಮುರುಗಾ. ಅಲ್ಲಿ ಬರುವ ಹೊತ್ತನ್ನು ಕೇಳಿ ಬರೆದುಕೊಳ್ಳಿ, ಅದಕ್ಕೆ ಪ್ರತಿಯಾಗಿ ವಾರಕ್ಕೆ ಇಷ್ಟು ಗಂಟೆ ಕೆಲಸ ಖಚಿತ ಅಂತ ನೀವೂ ಬರೆದುಕೊಡಿ. ಗಂಟೆಗೆ ಇಷ್ಟು ಅಂತ ದುಡಿಯುವವರಿಗೆ ‘ಆಗಲ್ಲ’ ಅಂದರೆ ಗಂಟೆ ಕೈತಪ್ಪುವ ಭಯ. ಆ ಭಯ ಹೋಗದೆ ನಿಜ ಹೊರಬರುವುದಿಲ್ಲ. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಅದರ ಫೋಟೊ ಕಳಿಸಬೇಕು ಅನ್ನುವುದು ಒಂದೇ ಷರತ್ತು.

ಹೀಗೆ ಕೇಳುವುದನ್ನು ನಾಟಕದವರಿಂದ ಕಲಿಯಬಹುದು. ಜೆ.ಪಿ. ನಗರ ಎರಡನೇ ಹಂತದ ರಂಗಶಂಕರದಲ್ಲಿ ಸಂಜೆ 7.30 ಅಂದರೆ 7.30, ತಡವಾದವರಿಗೆ ಬಾಗಿಲು ತೆರೆಯುವುದಿಲ್ಲ. 2004ರಿಂದ ಅಲ್ಲಿ ಆಡುತ್ತ ಬಂದಿರುವ ಹವ್ಯಾಸಿ ತಂಡಗಳಲ್ಲಿ ಬ್ಯಾಂಕಿನವರು, ಐಟಿಯವರು, ಮೇಷ್ಟ್ರುಗಳು ಇರುತ್ತಾರೆ, ಯಾರಿಗೂ ಸಂಬಳವಿಲ್ಲ. ತಾಲೀಮಿನ ವೇಳಾಪಟ್ಟಿ ಮಾಡುವವರು ಮೊದಲು ಕೇಳುವುದು ‘ನಿಮಗೆ ಆಗದ ಡೇಟ್ಸ್ ಕೊಡಿ’ ಅಂತ. ಸಂಬಳ ಕೊಡದವರಿಗೆ ಈ ವಿನಯ ತಾನಾಗಿ ಬರುತ್ತದೆ; ಸಂಬಳ ಕೊಡುವವರು ಅಭ್ಯಾಸ ಮಾಡಿಕೊಳ್ಳಬೇಕು.

ಯಾವ ಹೊತ್ತಿಗೆ ಎಷ್ಟು ಜನ

ಸಿಬ್ಬಂದಿಯ ಚೀಟಿ ಬರುವ ಮುಂಚೆ ನಿಮ್ಮ ಅಂಗಡಿಯ ಚೀಟಿಯೂ ಸಿದ್ಧವಿರಲಿ. ಇಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರಿಗಿಂತ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಬನಶಂಕರಿ ದೇವಸ್ಥಾನದ ಸುತ್ತಲಿನ ಹೂವು, ಹಣ್ಣುಕಾಯಿ, ಕಾಫಿ ಅಂಗಡಿಗಳಿಗೆ ವಾರದ ರಶ್ ನಿಂತಿರುವುದೇ ರಾಹುಕಾಲದ ಮೇಲೆ: ನಿಂಬೆಹಣ್ಣಿನ ದೀಪ ಹಚ್ಚಲು ಮಂಗಳವಾರ 3ರಿಂದ 4.30, ಶುಕ್ರವಾರ 10.30ರಿಂದ 12, ಭಾನುವಾರ 4.30ರಿಂದ 6. ಮಂಗಳವಾರ ಮಧ್ಯಾಹ್ನ ಅಲ್ಲಿ ಶಿಫ್ಟ್ ಬದಲಿಸುವುದು, ಅಂದರೆ ಹಳಬರು ಹೊರಡುತ್ತ ಹೊಸಬರು ಬರುತ್ತ ಇರುವುದು, ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡ ಹಾಗೆ. ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಗಳಿಗೆ ವರಮಹಾಲಕ್ಷ್ಮಿಯ ಹಿಂದಿನ ವಾರ. ಮಾಂಸಾಹಾರಿ ಹೋಟೆಲುಗಳಿಗೆ ಯುಗಾದಿಯ ಮರುದಿನದ ಹೊಸತೊಡಕು ವರ್ಷದ ಯುದ್ಧ. ಶ್ರಾವಣದಲ್ಲಿ ಅದೇ ಹೋಟೆಲಿನಲ್ಲಿ ನೊಣ ಹೊಡೆಯಬಹುದು. ಊರಿಗೆ ಹೋಗುವ ಉದ್ದನೆಯ ರಜೆಗಳನ್ನು ಶ್ರಾವಣಕ್ಕೆ ತಳ್ಳಿ ಅಂತ ಸಿಬ್ಬಂದಿಯನ್ನೇ ಕೇಳಿನೋಡಿ, ಎಷ್ಟೋ ಜನ ಒಪ್ಪುತ್ತಾರೆ.

ಅದೇ ಕ್ಯಾಲೆಂಡರನ್ನು ಗಲ್ಲಾ ಪಕ್ಕದ ಬದಲು ಕೈತೊಳೆಯುವ ಜಾಗದಲ್ಲಿ ತೂಗುಹಾಕಿ, ಒಂದು ಪೆನ್ನನ್ನು ದಾರಕ್ಕೆ ಕಟ್ಟಿ. ಮುಂದಿನ ಮೂರು ತಿಂಗಳಲ್ಲಿ ಬೇಕಾದ ರಜೆಯ ದಿನದ ಮೇಲೆ ಹೆಸರಿನ ಮೊದಲ ಅಕ್ಷರ ಬರೆಯಲಿ. ಒಂದೇ ಚೌಕದಲ್ಲಿ ನಾಲ್ಕು ಅಕ್ಷರ ಕಂಡರೆ ಅವರವರೇ ಮಾತಾಡಿಕೊಳ್ಳುತ್ತಾರೆ. ನಿಮ್ಮ ಪಂಚಾಯಿತಿಯೇ ಬೇಕಾಗುವುದಿಲ್ಲ.

ಗೌರಿ–ಗಣೇಶಕ್ಕೆ ಎಲ್ಲರೂ ಅಡ್ಡ ಎಳೆಯುತ್ತಾರೆ. ಕಳೆದ ವರ್ಷ ಯಾರು ದುಡಿದರೋ ಅವರಿಗೆ ಈ ವರ್ಷ ಮೊದಲ ಹಕ್ಕು, ಉಳಿದವರಿಗೆ ಚೀಟಿ ಎತ್ತುವುದು. ರಂಜಾನ್‌ಗೆ, ಕ್ರಿಸ್‌ಮಸ್‌ಗೆ, ಓಣಂಗೆ ರಜೆ ಬೇಕಾದವರು ದೀಪಾವಳಿಯ ಸಂಜೆ ನಿಲ್ಲಲು ತಾವಾಗಿ ಮುಂದೆ ಬರುವುದುಂಟು. ಆದರೆ ‘ಅವನಿಗೇನು, ಅವನ ಹಬ್ಬ ಅಲ್ವಲ್ಲ’ ಅಂತ ಕೇಳದೆಯೇ ಹಾಕಿಬಿಡುವುದು ಬೇರೆ; ಅವನ ಮಕ್ಕಳಿಗೂ ಆ ದಿನ ಶಾಲೆಗೆ ರಜೆ. ಹಬ್ಬದ ರಜೆಯ ದಿನ ದುಡಿಸಿದರೆ ಎರಡರಷ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆ ಬೇರೊಂದು ದಿನ ಸಂಬಳ ಸಹಿತ ರಜೆ. ಚುನಾವಣೆಯ ದಿನ ಮತದಾರರಿಗೆ ಸಂಬಳ ಸಹಿತ ರಜೆ ಅನ್ನುವುದು ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಇದೆ. ಓಟು ಊರಲ್ಲಿದ್ದವರಿಗೆ ಹಿಂದಿನ ರಾತ್ರಿಯ ಬಸ್ಸೂ ಬೇಕು ಅನ್ನುವುದನ್ನು ನೀವು ಸೇರಿಸಿಕೊಳ್ಳಿ.

ಪಟ್ಟಿ ಗೋಡೆಗೆ ಬಂದ ಮೇಲೆ

ಚೀಟಿಗಳು ಬುಧವಾರ ರಾತ್ರಿಗೆ ಬರಲಿ, ಪಟ್ಟಿ ಶುಕ್ರವಾರ ಗೋಡೆಗೆ ಹೋಗಲಿ, ಅದು ಬರುವ ಸೋಮವಾರದ ವಾರದ್ದಲ್ಲ, ಅದರಾಚೆಯ ವಾರದ್ದು. ‘ಅಷ್ಟು ಮೊದಲೇ ಹೇಗೆ ಸ್ವಾಮಿ?’ ಅನ್ನುತ್ತೀರಿ. ನ್ಯೂಯಾರ್ಕ್ ನಗರದ ಫಾಸ್ಟ್‌ಫುಡ್ ಹೋಟೆಲುಗಳಿಗೆ 2017ರ ನವೆಂಬರಿನಿಂದ 14 ದಿನ ಮೊದಲೇ ಪಟ್ಟಿ ಕೊಡುವ ಕಾನೂನಿದೆ. ಅಲ್ಲಿ ರಾತ್ರಿ ಬಾಗಿಲು ಹಾಕಿದವರನ್ನೇ ಬೆಳಿಗ್ಗೆ ಬಾಗಿಲು ತೆಗೆಯಲು ಕರೆದು, ನಡುವೆ 11 ಗಂಟೆ ಬಿಡುವು ಇಲ್ಲದಿದ್ದರೆ ಲಿಖಿತ ಒಪ್ಪಿಗೆ ಬೇಕು, ಮೇಲೆ 100 ಡಾಲರ್ ಕೊಡಬೇಕು. ಬಟ್ಟೆ ಅಂಗಡಿಗಳ ಗ್ಯಾಪ್ ಕಂಪನಿಯ 28 ಮಳಿಗೆಗಳಲ್ಲಿ 2015–16ರಲ್ಲಿ ಜೋನ್ ವಿಲಿಯಮ್ಸ್, ಸೂಸನ್ ಲ್ಯಾಂಬರ್ಟ್, ಸರವಣನ್ ಕೇಶವನ್ ತಂಡ ಒಂದು ಪ್ರಯೋಗ ಮಾಡಿತು. ಶಿಫ್ಟಿನ ಹೊತ್ತುಗಳನ್ನು ಸ್ಥಿರ ಮಾಡಿ, ಖಾಯಂ ಗಂಟೆಗಳ ಭರವಸೆ ಕೊಟ್ಟು, ಪರಸ್ಪರ ಬದಲಿಸಿಕೊಳ್ಳಲು ಬಿಟ್ಟ ಮಳಿಗೆಗಳಲ್ಲಿ ಮಾರಾಟ ಸುಮಾರು 7 ಪ್ರತಿಶತ ಏರಿತು. ಗ್ಯಾಪಿಗೂ ನಮ್ಮ ಗಾಂಧಿ ಬಜಾರಿಗೂ ಅಂತರ ಬಹಳ, ಒಪ್ಪುತ್ತೇನೆ. ಆದರೆ ಪಳಗಿದ ಕೈ ಕೌಂಟರಿನಲ್ಲಿ ಉಳಿದರೆ ವ್ಯಾಪಾರ ಹೆಚ್ಚುತ್ತದೆ ಅನ್ನುವುದಕ್ಕೆ ಅಮೆರಿಕ ಸಾಕ್ಷಿ ಹೇಳಬೇಕಾಗಿಯೂ ಇಲ್ಲ. ದೋಸೆ ಮಾಸ್ಟರ್ ಬದಲಾದ ವಾರ ಯಾವ ದರ್ಶಿನಿಗೂ ಗೊತ್ತಾಗುತ್ತದೆ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಿ. ಭಾನುವಾರ ಸಂಜೆ, ರಾತ್ರಿ ಕ್ಲೋಸಿಂಗ್, ಹಬ್ಬದ ದಿನ, ಈ ಮೂರು ಬಗೆಯ ಕಷ್ಟದ ಡ್ಯೂಟಿ ಯಾರಿಗೆ ಎಷ್ಟು ಬಿತ್ತು ಅಂತ ಕಡ್ಡಿ ಗೆರೆ ಎಳೆಯುತ್ತ ಹೋಗಿ. ಚುಕ್ಕೆ ಹಾಕಿದ್ದ ಶಿಫ್ಟಿಗೆ ಕರೆದಿದ್ದರೂ ಒಂದು ಗೆರೆ. ಮೂರು ತಿಂಗಳ ಕೊನೆಗೆ ಅತಿ ಹೆಚ್ಚು ಗೆರೆಯವರಿಗೂ ಅತಿ ಕಡಿಮೆಯವರಿಗೂ ಎರಡಕ್ಕಿಂತ ಹೆಚ್ಚು ಅಂತರ ಇರಬಾರದು. ನನ್ನ ಆ ಅಕ್ಕನ ಕಾಲದಲ್ಲಿ ಇಂಥ ಹಾಳೆಯೊಂದು ಗೋಡೆಯ ಮೇಲಿದ್ದಿದ್ದರೆ ಐದನೇ ಭಾನುವಾರಕ್ಕೇ ಯಾರಾದರೂ ಬಾಯಿಬಿಡುತ್ತಿದ್ದರು. ನನಗೆ ಕಾಣದಿದ್ದರೂ ಇನ್ನೊಬ್ಬರಿಗೆ ಕಾಣುತ್ತಿತ್ತು.

ಬದಲಾವಣೆಗಳು ಬಂದೇ ಬರುತ್ತವೆ. ಒಂದೇ ಕೆಲಸ ಬಲ್ಲ ಇಬ್ಬರು ಹಿಂದಿನ ರಾತ್ರಿಯೊಳಗೆ ತಮ್ಮೊಳಗೆ ಬದಲಿಸಿಕೊಂಡು ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿದರೆ ಮುಗಿಯಿತು, ಅಪ್ಪಣೆ ಬೇಡ. ದೋಸೆ ಕಲ್ಲಿನವರ ಬದಲು ಕ್ಲೀನಿಂಗಿನವರು ಬಂದು ನಿಂತರೆ ಮಾತ್ರ ಕಷ್ಟ. ಪಟ್ಟಿ ಬದಲಿಸುವವರು ನೀವೇ ಆದರೆ, ಉದಾಹರಣೆಗೆ ಸಂಜೆ ಐವತ್ತು ಜನರ ಪಾರ್ಸೆಲ್ ಆರ್ಡರ್ ಬಂತು ಅಂತ, ಬರುವವರಿಗೆ ಆಟೊ ಚಾರ್ಜ್ ಕೊಟ್ಟು, ಓಟಿ ಬರೆದು, ಅವರ ಹೆಸರಿನ ಮುಂದೆ ಒಂದು ಗೆರೆ ಎಳೆದುಬಿಡಿ.

ಎಲ್ಲಕ್ಕೂ ಟಿಕ್ ಹಾಕುವವರು ಒಬ್ಬರು ಪ್ರತಿ ಜಾಗದಲ್ಲೂ ಇರುತ್ತಾರೆ. ಅವರ ಚೀಟಿಯನ್ನು ಅನುಮಾನದಿಂದ ನೋಡಿ. ಎರಡು ವಾರ ಸತತ ಹದಿನಾಲ್ಕೂ ಟಿಕ್ ಬಂದರೆ ವಾಪಸು ಕೊಟ್ಟು, ‘ಎರಡಾದರೂ ಚುಕ್ಕೆ ಹಾಕಿ ಕೊಡಿ ಅಕ್ಕಾ’ ಅನ್ನಿ. ಮೊದಲು ನಗುತ್ತಾರೆ. ಆಮೇಲೆ ಪೆನ್ನು ತೆಗೆದುಕೊಳ್ಳುತ್ತಾರೆ.

ರೇಷ್ಮೆ ಸಂಸ್ಥೆಯ ಹುಡುಗನ ವಿಷಯಕ್ಕೆ ಬಂದರೆ, ಅವನಿಗೆ ಭಾನುವಾರ ಸೆಕೆಂಡ್ ಶಿಫ್ಟ್ ಹಾಕಿ. ಬನಶಂಕರಿಯಲ್ಲೇ ರೂಮು ಮಾಡಿರುವವರೊಬ್ಬರು ಭಾನುವಾರ ಬೆಳಿಗ್ಗೆ ನೋಡಿಕೊಳ್ಳಲಿ, ಅದಕ್ಕೆ ಬದಲಾಗಿ ವಾರದ ನಡುವೆ ಅವರ ಒಂದು ಬೆಳಗನ್ನು ಅವನು ಹಿಡಿಯಲಿ. ಸೋಮವಾರವನ್ನೇ ಹಿಡಿದರೆ, ಅವತ್ತು ಮೊದಲ ಮೆಟ್ರೊ 4.15ಕ್ಕೇ ಇದೆ, ಆದರೆ ಭಾನುವಾರ ಸಂಜೆ ಮುಗಿಸಿದವನಿಗೆ ಸೋಮವಾರ ಬೆಳಿಗ್ಗೆ ಹಾಕಿದರೆ ನ್ಯೂಯಾರ್ಕಿನವರ ಆ 11 ಗಂಟೆಯ ಬಿಡುವು ತಪ್ಪಿತಲ್ಲ. ಮಂಗಳವಾರ ಹಾಕಿ. ಅವತ್ತು ಮೊದಲ ರೈಲು 5ಕ್ಕೆ, ಇಡ್ಲಿ 6ಕ್ಕೆ, ಅವನು ಐದೂಮುಕ್ಕಾಲಿಗೆ ಬಂದಿರುತ್ತಾನೆ.